ಅಮ್ಮ ಮೂರನೇ ಮಹಡಿಯಿಂದ ಇಳಿಯುವುದನ್ನೇ ಬಿಟ್ಟಿದ್ದಾರೆ. ಇದು ಬರೀ ವಯಸ್ಸಾ?

ಡೊಂಬಿವಲಿ ಮಗಳು · ಜನವರಿ 11

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಅಮ್ಮನಿಗೆ 74. ಕುಂದಾಪುರದಿಂದ ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷ ಆಯ್ತು. ನಮ್ಮದು ಡೊಂಬಿವಲಿ ಪೂರ್ವದಲ್ಲಿ ಹಳೇ ಕಟ್ಟಡ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋದ ಜುಲೈವರೆಗೂ ಅಮ್ಮ ಬೆಳಿಗ್ಗೆ ಒಬ್ಬರೇ ಇಳಿದು ಫಡಕೆ ರೋಡ್‌ವರೆಗೆ ಹೋಗುತ್ತಿದ್ದರು. ಗಣೇಶ ಮಂದಿರದಲ್ಲಿ ಕೈಮುಗಿದು, ತರಕಾರಿ ಚೀಲ ಹಿಡಿದುಕೊಂಡು ಹತ್ತಿ ಬರುತ್ತಿದ್ದರು. 54 ಮೆಟ್ಟಿಲು.

ಆಗಸ್ಟ್‌ನಲ್ಲಿ ಡೆಂಗ್ಯೂ ಬಂತು. ಒಂಬತ್ತು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೆ ನಾವು ಅವರನ್ನು ಏಳಲು ಬಿಡಲೇ ಇಲ್ಲ. ನೀರು, ಕಾಫಿ, ಊಟ ಎಲ್ಲ ಹಾಸಿಗೆಗೇ ತಂದುಕೊಟ್ಟೆವು. ಸ್ನಾನಕ್ಕೆ ಕುರ್ಚಿ ಹಾಕಿದೆವು. ಅವರು ಪಾತ್ರೆ ತೊಳೆಯಲು ಎದ್ದರೆ ನಾನೇ ಗದರುತ್ತಿದ್ದೆ.

ಜ್ವರ ಹೋಗಿ ಐದು ತಿಂಗಳಾಯ್ತು. ಈಗ ದಿವಾನದಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆರೆಯಲು ಆಗುವುದಿಲ್ಲ. ಬಳೆ ಮೊಣಕೈವರೆಗೆ ಜಾರುತ್ತದೆ. ತೂಕ ಮಾತ್ರ ಎರಡು ಕಿಲೋ ಅಷ್ಟೇ ಇಳಿದಿದೆ, ಈಗ 48. ನವರಾತ್ರಿಯ ನಂತರ ಒಂದು ಸಲವೂ ಕೆಳಗೆ ಇಳಿದಿಲ್ಲ. ತೋರಿಸಿದ ಡಾಕ್ಟರು "ವಯಸ್ಸಾಯ್ತಲ್ಲ, ಆರಾಮಾಗಿ ಇರಲಿ ಬಿಡಿ" ಎಂದರು. ಬಿ12 ಕಡಿಮೆ ಇತ್ತು, ಮಾತ್ರೆ ನಡೆಯುತ್ತಿದೆ. ಸಕ್ಕರೆ ಇಲ್ಲ.

ನಿಜವಾಗಿ ಇದು ಬರೀ ವಯಸ್ಸಾ? ಐದು ತಿಂಗಳಲ್ಲಿ ಇಷ್ಟು ವಯಸ್ಸಾಗುತ್ತದಾ?

ಕೋತ್ರೂಡ್ ಫಿಸಿಯೋ · ಜನವರಿ 11

ನಾನು ಧಾರವಾಡದವಳು. ಪುಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ನೀವು ಬರೆದದ್ದು ಓದಿ ಸಂಕಟ ಆಯ್ತು. ಇಂಥ ಅಮ್ಮಂದಿರನ್ನು ವಾರ ವಾರ ನೋಡುತ್ತೇನೆ.

ಇದು ಬರೀ ವಯಸ್ಸಲ್ಲ. ವಯಸ್ಸಾದಂತೆ ಮಾಂಸಖಂಡ ಕರಗಿ ಬಲ ಇಳಿಯುವುದಕ್ಕೆ ಸಾರ್ಕೋಪೀನಿಯಾ ಎಂದು ಹೆಸರಿದೆ. ಗ್ರೀಕ್‌ನಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೀನಿಯಾ ಎಂದರೆ ಕೊರತೆ. ಇರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ 1989ರಲ್ಲಿ ಈ ಹೆಸರನ್ನು ಬರಹಕ್ಕೆ ತಂದರು. 2016ರಲ್ಲಿ ಅಮೆರಿಕದ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಬೇರೆಯೇ ಸಂಕೇತ ಕೊಟ್ಟರು. ಅಂದರೆ ಡಾಕ್ಟರು ಚೀಟಿಯಲ್ಲಿ ಬರೆಯಬಹುದಾದ ತೊಂದರೆ ಇದು, "ಬಿಡಿ" ಅನ್ನುವಂಥದ್ದಲ್ಲ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಹೋಗುತ್ತದೆ ಎಂದು ಅಂದಾಜು. ಅರವತ್ತರ ನಂತರ ಇನ್ನೂ ಜಾಸ್ತಿ. ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಆದರೆ ಮನೆಗಳಲ್ಲಿ ನಾನು ನೋಡುವುದು ಮೆಲ್ಲಗೆ ಇಳಿಯುವ ಇಳಿಜಾರಲ್ಲ, ಮೆಟ್ಟಿಲು. ಒಂದು ಜ್ವರ, ಒಂದು ಮೂಳೆ ಮುರಿತ, ಒಂದು ಆಪರೇಷನ್. ಪ್ರತಿ ಸಲ ಒಂದು ಮೆಟ್ಟಿಲು ಕೆಳಗೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸಖಂಡ ಹೋಗಿತ್ತು. ಕಾಯಿಲೆ ಇಲ್ಲದವರ ಕಥೆ ಇದು. ನಿಮ್ಮ ಅಮ್ಮನಿಗೆ ಡೆಂಗ್ಯೂ ಬೇರೆ.

ತೂಕ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಮಾಂಸಖಂಡ ಹೋದ ಜಾಗಕ್ಕೆ ಕೊಬ್ಬು ಬಂದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. ಬಳೆಗೆ ಗೊತ್ತಾಗಿದೆ.

ನಾಳೆ ಎರಡು ಕೆಲಸ ಮಾಡಿ. ಮೊದಲನೆಯದು, ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಮ್ಮ ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ಫೋನಿನಲ್ಲಿ ಸಮಯ ಹಿಡಿಯಿರಿ, ಪಕ್ಕದಲ್ಲೇ ನಿಂತಿರಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಆದರೆ ಯೋಚಿಸಬೇಕು. ಎರಡನೆಯದು, ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮೀನಖಂಡದ ದಪ್ಪ ಇರುವ ಕಡೆ ಟೈಲರ್ ಟೇಪಿನಲ್ಲಿ ಅಳೆಯಿರಿ. ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ, ಗಂಡಸರಿಗೆ 34ಕ್ಕಿಂತ ಕಡಿಮೆ ಇದ್ದರೆ ಅದೂ ಒಂದು ಸೂಚನೆ.

ಜೊತೆಗೆ ಥೈರಾಯ್ಡ್ ಮತ್ತು ವಿಟಮಿನ್ ಡಿ ನೋಡಿಸಿ. ನಿದ್ದೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರಾ ಎಂದೂ ಡಾಕ್ಟರಿಗೆ ಹೇಳಿ.

ಮಾಟುಂಗ ಹಿರಿಯ · ಜನವರಿ 12

ಮಗಳೇ, ನನಗೆ 78. ನಲವತ್ತು ವರ್ಷದಿಂದ ಫೈವ್ ಗಾರ್ಡನ್ಸ್‌ನಲ್ಲಿ ದಿನಾ ನಡೆಯುತ್ತೇನೆ. ಮಳೆಗಾಲದಲ್ಲೂ ಬಿಟ್ಟವನಲ್ಲ. ನನ್ನ ಅನುಭವದಲ್ಲಿ ನಡಿಗೆಯೇ ಮದ್ದು. ನಿನ್ನ ತಾಯಿಯನ್ನು ಮನೆಯೊಳಗೇ ಅರ್ಧ ಗಂಟೆ ನಡೆಸು. ಈ ವಯಸ್ಸಿನಲ್ಲಿ ಭಾರ ಎತ್ತಿಸುವ ಗೋಜಿಗೆ ಹೋಗಬೇಡ. ಸೊಂಟ ಹಿಡಿದುಕೊಂಡರೆ ಯಾರು ನೋಡುತ್ತಾರೆ?

ಡೊಂಬಿವಲಿ ಮಗಳು · ಜನವರಿ 12

ಫಿಸಿಯೋ ಅಕ್ಕ, ಈಗಷ್ಟೇ ಮಾಡಿದೆವು. 21 ಸೆಕೆಂಡ್. ಕೊನೆಯ ಎರಡು ಸಲ ಕೈ ಬಿಟ್ಟು ಕುರ್ಚಿಯ ಅಂಚು ಹಿಡಿದರು. ಮೀನಖಂಡ 29. ಅಳೆಯುವಾಗ ಅಮ್ಮ "ಇದು ನನ್ನ ಕಾಲಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಕೋತ್ರೂಡ್ ಫಿಸಿಯೋ · ಜನವರಿ 12

ಕೈ ಊರಿದ್ದರಿಂದ ಆ 21 ಕೂಡ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಪರವಾಗಿಲ್ಲ. ಬರೆದಿಟ್ಟುಕೊಳ್ಳಿ, ಇದು ನಮ್ಮ ಮೊದಲ ಅಂಕಿ.

ಅಂಕಲ್, ನಿಮ್ಮ ನಲವತ್ತು ವರ್ಷದ ನಡಿಗೆಗೆ ನನ್ನ ನಮಸ್ಕಾರ. ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಮಾಂಸಖಂಡದಲ್ಲಿ ಎರಡು ಬಗೆಯ ಎಳೆಗಳಿವೆ. ಒಂದು ನಿಧಾನಕ್ಕೆ, ಸುಸ್ತಾಗದೆ ದುಡಿಯುವುದು. ಇನ್ನೊಂದು ತಟ್ಟನೆ ಜೋರು ಹಾಕುವುದು. ವಯಸ್ಸಾದಂತೆ ಮೊದಲು ಸೊರಗುವುದು ಈ ಎರಡನೆಯದು. ಎಡವಿದಾಗ ಸರಕ್ಕನೆ ಕಾಲು ಮುಂದಿಟ್ಟು ನಮ್ಮನ್ನು ಉಳಿಸುವುದೂ ಅದೇ. ಸಮತಟ್ಟು ನೆಲದಲ್ಲಿ ನಡೆಯುವಾಗ ಅದಕ್ಕೆ ಕೆಲಸವೇ ಸಿಗುವುದಿಲ್ಲ. ಭಾರ ಬಿದ್ದರೆ ಮಾತ್ರ ಎದ್ದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಹೀಗೆಯೇ. ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ ಬೇಕು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ ಬೇಕು. ಹಿರಿಯರಿಗೆ ಮೂರು ದಿನ ಸಮತೋಲನದ ಅಭ್ಯಾಸವೂ ಬೇಕು.

ಒಂದು ಪ್ರಶ್ನೆ ಕೇಳಲೇ ಅಂಕಲ್? ನೆಲದ ಮೇಲೆ ಪೂಜೆಗೆ ಕೂತರೆ ಕೈ ಊರದೆ ಏಳುತ್ತೀರಾ?

ಮುಲುಂಡ್ ಸೊಸೆ · ಜನವರಿ 13

ಊಟದ ಬಗ್ಗೆ ಯಾರೂ ಕೇಳಲಿಲ್ಲ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಡಯಟೀಷಿಯನ್ ಒಂದು ದಿನ ಏನೇನು ತಿಂದರು ಎಂದು ಬರೆದು ತನ್ನಿ ಎಂದರು. ಬರೆದ ಮೇಲೆ ನನಗೇ ಕಣ್ಣು ತೆರೆಯಿತು.

ಬೆಳಿಗ್ಗೆ ಎರಡು ಇಡ್ಲಿ, ಕಾಫಿ. ಹನ್ನೊಂದಕ್ಕೆ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಅನ್ನ, ತಿಳಿಸಾರು, ಪಲ್ಯ, ಮಜ್ಜಿಗೆ. ಸಂಜೆ ಮತ್ತೆ ಟೀ. ರಾತ್ರಿ ಗಂಜಿ, ಉಪ್ಪಿನಕಾಯಿ. ಹೊಟ್ಟೆ ತುಂಬಿದೆ, ಯಾರೂ ಉಪವಾಸ ಇಲ್ಲ. ಆದರೆ ಕೂಡಿಸಿದರೆ ಪ್ರೋಟೀನ್ 30 ಗ್ರಾಂ ಮುಟ್ಟುವುದೇ ಕಷ್ಟ. ಸಾರಿನಲ್ಲಿ ಬೇಳೆ ತಳದಲ್ಲಿರುತ್ತದೆ. ಅವರಿಗೆ ನಾವು ಹಾಕುವುದು ಮೇಲಿನ ತಿಳಿ, "ಜೀರ್ಣ ಆಗಲಿ" ಎಂದು.

ಡೊಂಬಿವಲಿ ಮಗಳು · ಜನವರಿ 13

ಇದು ನಮ್ಮ ಮನೆಯದೇ ಪಟ್ಟಿ! ಬಿಸ್ಕತ್ತಿನ ಲೆಕ್ಕವೂ ಅದೇ. ಎಷ್ಟು ಇರಬೇಕಿತ್ತು?

ಕೋತ್ರೂಡ್ ಫಿಸಿಯೋ · ಜನವರಿ 13

ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ದೊಡ್ಡವರಿಗೆ ಹೇಳಿದ್ದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಹಿರಿಯರಿಗೆ ಅದಕ್ಕಿಂತ ಜಾಸ್ತಿ ಬೇಕು, 1ರಿಂದ 1.2 ಗ್ರಾಂ ಎಂದು ಪ್ರಾಟ್-ಏಜ್ ಎಂಬ ತಜ್ಞರ ಗುಂಪು 2013ರಲ್ಲಿ ಸಲಹೆ ಕೊಟ್ಟಿತು. ವಯಸ್ಸಾದ ಮಾಂಸಖಂಡಕ್ಕೆ ಸ್ವಲ್ಪ ಕಿವಿ ಮಂದ ಆಗಿರುತ್ತದೆ ಎಂದುಕೊಳ್ಳಿ. ಅಷ್ಟೇ ಪ್ರೋಟೀನ್ ಕೊಟ್ಟರೆ ಎಳೆಯರಲ್ಲಿ ಆಗುವಷ್ಟು ಕೆಲಸ ಆಗುವುದಿಲ್ಲ. 48 ಕಿಲೋ ಇರುವ ಅಮ್ಮನಿಗೆ ದಿನಕ್ಕೆ ಸುಮಾರು 48ರಿಂದ 58 ಗ್ರಾಂ. ಎಲ್ಲ ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೆ ಹಂಚಿ.

ಹೊಸ ಅಡುಗೆ ಏನೂ ಬೇಡ. ಸಾರನ್ನು ತಳದಿಂದ ಬಡಿಸಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ 8. ನೂರು ಗ್ರಾಂ ಪನೀರಿನಲ್ಲಿ ಸುಮಾರು 18. ನೂರು ಗ್ರಾಂ ಒಣ ಹುರುಳಿಯಲ್ಲಿ 22, ಶೇಂಗಾದಲ್ಲಿ 25ರ ಹತ್ತಿರ. ಕುಂದಾಪುರದವರು ಮೀನು ತಿನ್ನುವವರಾದರೆ ಬಂಗುಡೆಗೆ ಸಮ ಯಾವುದಿದೆ? ನೂರು ಗ್ರಾಂಗೆ 19, 20 ಗ್ರಾಂ ಸಿಗುತ್ತದೆ.

ಭಾಂಡುಪ್ ಮಗ · ಜನವರಿ 13

ದಯವಿಟ್ಟು ಒಂದು ಮಾತು ಸೇರಿಸುತ್ತೇನೆ. ನಮ್ಮ ಅಪ್ಪನಿಗೆ ಕಿಡ್ನಿ ತೊಂದರೆ, ಕ್ರಿಯಾಟಿನಿನ್ ಜಾಸ್ತಿ. ಕಾಲು ಸೋತಿದೆ ಎಂದು ಯಾರೋ ಹೇಳಿದ ಪ್ರೋಟೀನ್ ಪೌಡರ್ ತಂದು ಒಂದೂವರೆ ತಿಂಗಳು ಕೊಟ್ಟೆ. ಒಳ್ಳೆಯದಾಗಲಿ ಎಂದೇ ಕೊಟ್ಟದ್ದು. ಕಿಡ್ನಿ ಡಾಕ್ಟರು ನೋಡಿ ತಕ್ಷಣ ನಿಲ್ಲಿಸಿದರು. ಕಿಡ್ನಿ ಸರಿ ಇಲ್ಲದವರಿಗೆ ಪ್ರೋಟೀನ್ ಅಳತೆ ಬೇರೆ, ಡಯಾಲಿಸಿಸ್ ಶುರುವಾದರೆ ಮತ್ತೆ ಬೇರೆ ಎಂದರು. ಜಾಸ್ತಿ ಮಾಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ. ನನ್ನಂತೆ ಅವಸರ ಮಾಡಬೇಡಿ.

ಕೋತ್ರೂಡ್ ಫಿಸಿಯೋ · ಜನವರಿ 13

ಇದನ್ನು ಎಲ್ಲರೂ ಎರಡು ಸಲ ಓದಿ.

ವಾಸ್ಕೋ ಹುಡುಗ · ಜನವರಿ 15

ನಾವು ಬಾಗಲಕೋಟೆ ಕಡೆಯವರು. ಅಪ್ಪ ಗೋವಾಕ್ಕೆ ಬಂದದ್ದು ಹಮಾಲಿ ಕೆಲಸಕ್ಕೆ. ವಾಸ್ಕೋದಲ್ಲಿ ಮೂವತ್ತು ವರ್ಷ ಮೂಟೆ ಹೊತ್ತರು. ಐವತ್ತು ಕಿಲೋ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಮೇಲೆ ಓಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಈಗ 69. ಕೆಲಸ ಬಿಟ್ಟು ಆರು ವರ್ಷ. ನಾವೂ "ಸಾಕು, ಜೀವಮಾನ ಪೂರ್ತಿ ದುಡಿದಿದ್ದೀರಿ, ಕೂತ್ಕೊಳ್ಳಿ" ಎಂದೆವು. ಅವರು ಕೂತರು. ಬಾಗಿಲ ಮುಂದಿನ ಕಟ್ಟೆ, ಟೀವಿ, ಹಾಸಿಗೆ. ಸಕ್ಕರೆ ಕಾಯಿಲೆ ಬಂತು. ಹೋದ ತಿಂಗಳು ಐದು ಕಿಲೋ ಅಕ್ಕಿ ಚೀಲ ಎತ್ತಲು ಹೋಗಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ. ಆದರೆ ಆವತ್ತಿನಿಂದ ಮಾತು ಕಡಿಮೆ ಮಾಡಿದ್ದಾರೆ.

ದುಡಿದ ದೇಹ, ಒಳಗೆ ಬಲ ಉಳಿದಿರುತ್ತದೆ ಎಂದು ನಾನು ನಂಬಿದ್ದೆ. ಉಳಿಯುವುದಿಲ್ಲವಾ?

ಇನ್ನೊಂದು, ಪನೀರು ದಿನಾ ತರುವ ಶಕ್ತಿ ನಮಗಿಲ್ಲ.

ಕೋತ್ರೂಡ್ ಫಿಸಿಯೋ · ಜನವರಿ 15

ತಮ್ಮಾ, ಹಳೇ ಬಲದಿಂದ ಲಾಭ ಇದೆ, ಅವರು ಎತ್ತರದಿಂದ ಇಳಿಯಲು ಶುರು ಮಾಡಿದ್ದಾರೆ. ಆದರೆ ಬಳಸದೆ ಇಟ್ಟುಕೊಳ್ಳಲು ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ ಕರಗುತ್ತದೆ. ಅಕ್ಕಿ ಚೀಲದ ಮಾತು ಹೇಳಿದಿರಿ. ಸಾರ್ಕ್-ಎಫ್ ಎಂದು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ಸುಮಾರು ನಾಲ್ಕೂವರೆ ಕಿಲೋ ಎತ್ತಲು ಕಷ್ಟವಾ, ಕೋಣೆಯ ಆ ಕಡೆಯಿಂದ ಈ ಕಡೆ ನಡೆಯಲು ಕಷ್ಟವಾ, ಕುರ್ಚಿಯಿಂದ ಏಳಲು, ಹತ್ತು ಮೆಟ್ಟಿಲು ಹತ್ತಲು ಕಷ್ಟವಾ, ವರ್ಷದಲ್ಲಿ ಎಷ್ಟು ಸಲ ಬಿದ್ದಿರಿ. ಒಂದೊಂದಕ್ಕೆ 0ಯಿಂದ 2. ನಾಲ್ಕು ಅಥವಾ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಬೇಕು. ಇವತ್ತೇ ಕೇಳಿ ನೋಡಿ.

ಪನೀರು ಬೇಡ. ಶೇಂಗಾ, ಹುರುಳಿ, ಕಡಲೆ, ಮೊಟ್ಟೆ, ಗೋವಾದ ಸಣ್ಣ ಮೀನು ಸಾಕು. ನಮ್ಮ ಕಡೆ ರೊಟ್ಟಿ ಜೊತೆ ಶೇಂಗಾ ಚಟ್ನಿ, ಮೊಳಕೆಕಾಳಿನ ಪಲ್ಯ ಇದ್ದೇ ಇರುತ್ತಿತ್ತು. ಅದನ್ನೇ ಮತ್ತೆ ಶುರು ಮಾಡಿ.

ಮುಲುಂಡ್ ಸೊಸೆ · ಜನವರಿ 15

74, 78ರಲ್ಲಿ ನಿಜವಾಗಲೂ ಬಲ ವಾಪಸ್ ಬರುತ್ತದಾ ಅಕ್ಕ? ಇದ್ದಷ್ಟು ಉಳಿಯುತ್ತದೆ ಅಷ್ಟೇ ಅಲ್ವಾ?

ಕೋತ್ರೂಡ್ ಫಿಸಿಯೋ · ಜನವರಿ 16

ಬರುತ್ತದೆ. ನಾನು ಕಲಿಯುವಾಗ ನನ್ನ ಮನಸ್ಸು ಬದಲಿಸಿದ್ದು ಒಂದು ಅಧ್ಯಯನ. ಬೋಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾಟರೋನ್ ಮತ್ತು ಜೊತೆಯವರು ಮಾಡಿದ್ದು, 1990ರಲ್ಲಿ ಪ್ರಕಟವಾಯಿತು. ಹತ್ತು ಜನ, ಸರಾಸರಿ ವಯಸ್ಸು 90. ವಾರಕ್ಕೆ ಮೂರು ದಿನ, ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಸುಮ್ನೆ ಹಗುರ ಭಾರ ಅಲ್ಲ, ಅವರವರ ಶಕ್ತಿಯ ನೂರಕ್ಕೆ 80ರವರೆಗೆ. ಪೂರ್ತಿ ಮಾಡಿದವರ ತೊಡೆಯ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು. 1994ರಲ್ಲಿ ಅದೇ ತಂಡ ನೂರು ಜನರ ಮೇಲೆ ಮತ್ತೆ ನೋಡಿತು. ವ್ಯಾಯಾಮ ಮಾಡಿದವರಿಗೆ ಬಲ ಬಂತು, ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಬರಲಿಲ್ಲ. ಊಟ ಇಟ್ಟಿಗೆ ಇದ್ದಂತೆ. ಕಟ್ಟುವವರು ಬರದೆ ಇಟ್ಟಿಗೆ ರಾಶಿ ಗೋಡೆ ಆಗುವುದಿಲ್ಲ.

ಡೊಂಬಿವಲಿಯವರೇ, ಅಮ್ಮನಿಗೆ ಹೀಗೆ ಶುರು ಮಾಡಿ. ಅದೇ ಕುರ್ಚಿ, ಮೇಲೊಂದು ಗಟ್ಟಿ ದಿಂಬು. ಎತ್ತರ ಜಾಸ್ತಿ ಆದರೆ ಏಳುವುದು ಸುಲಭ. ಐದು ಸಲ ಎದ್ದು ಕೂರಲಿ. ಕೂರುವಾಗ ಧಪ್ಪನೆ ಬೀಳಬಾರದು, ಮನಸ್ಸಿನಲ್ಲಿ ಮೂರು ಎಣಿಸುತ್ತಾ ಇಳಿಯಬೇಕು. ಮೆಟ್ಟಿಲು ಇಳಿಯುವಾಗ ಬೇಕಾಗುವ ಹಿಡಿತ ಇದರಿಂದಲೇ ಬರುತ್ತದೆ. ಎರಡು ನಿಮಿಷ ಕೂತು ಮತ್ತೆ ಐದು. ದಿನ ಬಿಟ್ಟು ದಿನ. ಕೊನೆಯ ಎರಡು ಸಲ ಕಷ್ಟ ಅನ್ನಿಸಲೇಬೇಕು. ಸುಲಭ ಆದ ದಿನ ದಿಂಬು ತೆಗೆಯಿರಿ. ಅದೂ ಸುಲಭ ಆದರೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅಪ್ಪಿಕೊಳ್ಳಲಿ, ಆಮೇಲೆ ಎರಡು. ಭಾರ ಏರದಿದ್ದರೆ ಬಲವೂ ಏರುವುದಿಲ್ಲ. ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಮೂರು ತಿಂಗಳು ಅದೇ ಐದು ಸಲ ಮಾಡಿ ಏನೂ ಆಗಲಿಲ್ಲ ಎನ್ನುತ್ತಾರೆ.

ಅಡುಗೆಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಲಿ, ಹತ್ತು ಸಲ. ಅಲ್ಲೇ ಒಂದು ಕಾಲಿನಲ್ಲಿ ನಿಲ್ಲಲಿ, ನೀವು ಹಿಂದೆ ಇರಿ. ಕೈಗೆ ಒದ್ದೆ ಟವೆಲ್ ಹಿಂಡುವುದು ಸಾಕು. ಉಸಿರು ಬಿಗಿಹಿಡಿಯಬಾರದು. ಎದೆ ನೋವು, ತಲೆ ಸುತ್ತು ಬಂದರೆ ನಿಲ್ಲಿಸಿ ಡಾಕ್ಟರನ್ನು ನೋಡಿ. ಮಾರನೇ ದಿನ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲು ಊದಿಕೊಂಡರೆ ಅದು ಸಹಜ ಅಲ್ಲ.

ಮುಖ್ಯವಾಗಿ, ಹಾಸಿಗೆ ಪಕ್ಕದ ನೀರಿನ ತಂಬಿಗೆ ತೆಗೆದುಬಿಡಿ.

ಮಾಟುಂಗ ಹಿರಿಯ · ಜನವರಿ 17

ನಿನ್ನ ಪ್ರಶ್ನೆಗೆ ಉತ್ತರ ಕೊಡಲು ಐದು ದಿನ ತೆಗೆದುಕೊಂಡೆ ತಂಗಿ. ಏಳಲು ಆಗುವುದಿಲ್ಲ. ಎರಡು ವರ್ಷದಿಂದ ಮಣೆ ಬಿಟ್ಟು ಸ್ಟೂಲಿನ ಮೇಲೆ ಕೂತು ಪೂಜೆ ಮಾಡುತ್ತೇನೆ. ಮಂಡಿ ಎಂದುಕೊಂಡಿದ್ದೆ. ಇವತ್ತು ಕುರ್ಚಿಯ ಪರೀಕ್ಷೆ ಮಾಡಿದೆ, 14 ಸೆಕೆಂಡ್. ದಿನಾ ನಡೆಯುವವನಿಗೆ 14. ನಾನೂ ಶುರು ಮಾಡುತ್ತೇನೆ.

ಡೊಂಬಿವಲಿ ಮಗಳು · ಫೆಬ್ರವರಿ 22

ಆರು ವಾರ ಆಯ್ತು. ಮೊದಲ ಎರಡು ವಾರ ಜಗಳದಲ್ಲೇ ಕಳೆಯಿತು, ಅದನ್ನು ಮುಚ್ಚಿಡುವುದಿಲ್ಲ. ತಂಬಿಗೆ ತೆಗೆದ ದಿನ ಅಮ್ಮ "ನಾನು ಭಾರ ಆದೆನಾ?" ಎಂದು ಅತ್ತರು. ನಾನೂ ಅತ್ತೆ. ಸೇವೆ ಎಂದರೆ ಕೈಗೆ ತಂದುಕೊಡುವುದು ಎಂದೇ ಇಬ್ಬರೂ ಕಲಿತವರು.

ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಒಂದು ದಿನ ನಾನು ಲೋಕಲ್ ತಪ್ಪಿಸಿಕೊಂಡು ರಾತ್ರಿ ಒಂಬತ್ತಕ್ಕೆ ಬಂದೆ. ಅಮ್ಮ ತಾವಾಗಿಯೇ ಎದ್ದು ಹುರುಳಿ ಸಾರು ಮಾಡಿ ಇಟ್ಟಿದ್ದರು. ಕಟ್ಟೆ ಹಿಡಿದು ಹಿಡಿದು ನಿಂತು ಮಾಡಿದ್ದು. ಆವತ್ತಿನಿಂದ ಸಾರು ಅವರದು. ಕುಕ್ಕರಿನ ಮೊದಲ ಸೀಟಿ ಬರುವವರೆಗೆ ಹಿಮ್ಮಡಿ ಎತ್ತುವುದು ಎಂದು ಅವರೇ ಲೆಕ್ಕ ಇಟ್ಟುಕೊಂಡಿದ್ದಾರೆ. ಕಿಡ್ನಿ ಪರೀಕ್ಷೆ ಸರಿ ಬಂತು, ಡಿ ಕಡಿಮೆ ಇತ್ತು, ಡಾಕ್ಟರು ಔಷಧಿ ಕೊಟ್ಟಿದ್ದಾರೆ. ಬೆಳಿಗ್ಗೆ ಮೊಟ್ಟೆ, ರಾತ್ರಿ ಗಂಜಿಯ ಜೊತೆ ದಪ್ಪ ತೊವ್ವೆ, ವಾರಕ್ಕೆ ನಾಲ್ಕು ದಿನ ಮೀನು.

ಇವತ್ತು 15 ಸೆಕೆಂಡ್, ಕೈ ಊರದೆ. ಮೀನಖಂಡ ಅದೇ 29.

ಕೋತ್ರೂಡ್ ಫಿಸಿಯೋ · ಫೆಬ್ರವರಿ 22

ಟೇಪಿನ ಬಗ್ಗೆ ಬೇಸರ ಬೇಡ. ಮೊದಲು ನರಗಳು ಇರುವ ಮಾಂಸಖಂಡವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಗಾತ್ರ ಆಮೇಲೆ ನಿಧಾನಕ್ಕೆ ಬರುತ್ತದೆ. ಈಗ ಮೆಟ್ಟಿಲು ಶುರು ಮಾಡಿ, ಮೊದಲು ಅರ್ಧ ಮಹಡಿ. ಕಂಬಿ ಹಿಡಿಯಲಿ. ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ. ನೀವು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲಿ ಇರಿ.

ವಾಸ್ಕೋ ಹುಡುಗ · ಮಾರ್ಚ್ 9

ಸಾರ್ಕ್-ಎಫ್‌ನಲ್ಲಿ ಅಪ್ಪನಿಗೆ 5 ಬಂತು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆ, ಸಕ್ಕರೆ ಮಾತ್ರೆ ಬದಲಿಸಿದರು. ವ್ಯಾಯಾಮ ಎಂದರೆ ಅಪ್ಪ ಕೇಳುವುದಿಲ್ಲ. ಅದಕ್ಕೆ ಹಳೇ ಸಿಮೆಂಟ್ ಚೀಲದಲ್ಲಿ ಎರಡು ಕಿಲೋ ಮರಳು ಹಾಕಿ ಹೊಲಿದು ಕೊಟ್ಟೆ. ಮೂಟೆ ಎಂದ ಕೂಡಲೇ ಕೈ ತಾನಾಗಿ ಹೋಯಿತು. ಈಗ ನಾಲ್ಕು ಕಿಲೋ. ಕಟ್ಟೆಯ ಮೇಲೆ ಕೂತಿರುವ ಗೆಳೆಯರಿಗೂ ಎತ್ತಿಸುತ್ತಿದ್ದಾರೆ.

ಡೊಂಬಿವಲಿ ಮಗಳು · ಏಪ್ರಿಲ್ 6

ಇವತ್ತು 54 ಮೆಟ್ಟಿಲು ಇಳಿದರು.

ಹೋದ ತಿಂಗಳು ಎರಡನೇ ಮಹಡಿಯ ಮರಾಠಿ ಆಜಿಯ ಮನೆವರೆಗೆ ಹೋಗಿ ಬರುತ್ತಿದ್ದರು. ಇವತ್ತು ಬೆಳಿಗ್ಗೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಇಳಿಯಲು ಹನ್ನೊಂದು ನಿಮಿಷ. ಫಡಕೆ ರೋಡ್ ತನಕ ಆಗಲಿಲ್ಲ, ಗಲ್ಲಿಯ ಕೊನೆಯ ಹೂವಿನವಳ ಹತ್ತಿರ ಹೋಗಿ ಅಬ್ಬಲಿಗೆ ಇದೆಯಾ ಎಂದು ಕೇಳಿದರು. ಇರಲಿಲ್ಲ, ಮಲ್ಲಿಗೆ ತಂದರು. ಹತ್ತುವಾಗ ಎರಡನೇ ಮಹಡಿಯಲ್ಲಿ ಕೂರಬೇಕಾಯಿತು. ಸೊಸೈಟಿಯವರನ್ನು ಕೇಳಿ ಅಲ್ಲೊಂದು ಕುರ್ಚಿ ಇಟ್ಟಿದ್ದೇವೆ. ಮೂರನೇ ಮಹಡಿಯಲ್ಲಿ ಇನ್ನೂ ಇಬ್ಬರು ಹಿರಿಯರಿದ್ದಾರೆ, ಅವರಿಗೂ ಆಯ್ತು.

ಉಪ್ಪಿನಕಾಯಿ ಮುಚ್ಚಳ ಇನ್ನೂ ತೆರೆಯಲು ಆಗುತ್ತಿಲ್ಲ. ಟವೆಲ್ ಹಿಂಡುತ್ತಿದ್ದಾರೆ. ಅಕ್ಕ, ಕೈಗೆ ಬೇರೆ ಏನಾದರೂ ಇದೆಯಾ?

ಮಾಟುಂಗ ಹಿರಿಯ · ಏಪ್ರಿಲ್ 6

ಚಪಾತಿ ಹಿಟ್ಟು ನಾದಲು ಕೊಡು ಮಗಳೇ. ನನ್ನ ಮನೆಯಲ್ಲಿ ಈಗ ನಾನೇ ನಾದುತ್ತೇನೆ. ಮಣೆಗೂ ವಾಪಸ್ ಬಂದಿದ್ದೇನೆ, ಒಂದು ಕೈ ಊರಿ ಏಳುತ್ತೇನೆ.